ನಗಿಸುವ ಹಿರಿಯರಿಗೆ ಒಂದು ಪಾತ್ರ ಕೊಡಿ: ಕನ್ನಡ ಚಾನೆಲ್‌ಗಳ ಸೀರಿಯಲ್ ವಿಭಾಗದವರಿಗೆ ಬಹಿರಂಗ ಪತ್ರ

ಕನ್ನಡ ಮನರಂಜನಾ ಚಾನೆಲ್‌ಗಳಲ್ಲಿ ಸೀರಿಯಲ್ ವಿಭಾಗ ನೋಡಿಕೊಳ್ಳುವ ಎಲ್ಲರಿಗೂ ನಮಸ್ಕಾರ.

ಇತ್ತೀಚೆಗೆ ನಿಮ್ಮದೇ ಒಂದು ಚಾನೆಲ್‌ನಲ್ಲಿ ಹೊಸ ಕಾಮಿಡಿ ಸೀರಿಯಲ್ ಶುರುವಾಗಿದೆ. ಹೆಸರು ಬರೆಯುತ್ತಿಲ್ಲ. ಬರೆದರೆ ಮಾತೆಲ್ಲ ಆ ಒಂದು ಟೀಮಿನ ಮೇಲೆ ಹೋಗುತ್ತದೆ, ಉಳಿದವರು ಇದು ನಮಗಲ್ಲ ಅಂತ ಸುಮ್ಮನಾಗುತ್ತಾರೆ. ಅದರಲ್ಲಿ ಮುಖ್ಯ ಪಾತ್ರ ಮಾಡುತ್ತಿರುವ ಹಿರಿಯ ಹಾಸ್ಯನಟರ ಹೆಸರನ್ನೂ ಬರೆಯುವುದಿಲ್ಲ. ಅವರ ತಪ್ಪು ಇದರಲ್ಲಿ ಒಂದಿಷ್ಟೂ ಇಲ್ಲ, ಸುಮ್ನೆ ಅವರ ಹೆಸರನ್ನು ಯಾಕೆ ಎಳೆದು ತರಬೇಕು? ನಾಟಕದ ಕಂಪನಿಯಲ್ಲಿ ಬೆಳೆದು ಬಂದವರು, ಸಿನಿಮಾದಲ್ಲಿ ಎಷ್ಟೋ ವರ್ಷ ನಮ್ಮನ್ನು ನಗಿಸಿದವರು ಅಂದರೆ ಸಾಕು.

ಪ್ರೋಮೋ ಬಂದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿಯಾಗಿತ್ತು. ಸಿನಿಮಾದವರು ಅವರನ್ನು ಎರಡು ಸೀನಿಗೆ ಕರೆದು ಕಳಿಸಿಬಿಡುವ ಕಾಲ ಇದು. ಟಿವಿಯಲ್ಲಾದರೂ ದಿನಾ ಅರ್ಧ ಗಂಟೆ ಸಿಗುತ್ತಾರಲ್ಲ ಅಂತ ಕಾದಿದ್ದೆವು. ಈಗ ನೋಡಿ ಬೇಜಾರಾಗಿದೆ. ಬೇಜಾರು ಅನ್ನುವುದು ಕಡಿಮೆಯೇ ಆಯಿತು.

ಅವರಿಗೆ ಕೊಟ್ಟಿರುವ ಪಾತ್ರ ಒಬ್ಬ ರಿಟೈರ್ಡ್ ಬಸ್ ಕಂಡಕ್ಟರ್. ಮಗ, ಸೊಸೆ, ಮೊಮ್ಮಗನ ಜೊತೆ ಇದ್ದಾರೆ. ಕಿವಿ ಮಂದ. ಅಷ್ಟೇ, ಅಲ್ಲಿಗೆ ಪಾತ್ರ ಮುಗಿಯಿತು. ಸೊಸೆ "ಮಾತ್ರೆ ತಗೊಂಡ್ರಾ ಮಾವ" ಅಂದರೆ ಇವರು "ಜಾತ್ರೆಗಾ? ಯಾವ ಊರಿಂದು?" ಅನ್ನಬೇಕು. ತಕ್ಷಣ ಟೊಂಯ್ ಅಂತ ಒಂದು ಸದ್ದು. ಆಮೇಲೆ ಸೊಸೆಯ ಮುಖ, ಮಗನ ಮುಖ, ಮೊಮ್ಮಗನ ಮುಖ, ಮತ್ತೆ ಸೊಸೆಯ ಮುಖ. ಅದರ ಮೇಲೆ ರೆಕಾರ್ಡ್ ಮಾಡಿದ ನಗು. ಇದೇ ಜೋಕು ಒಂದೊಂದು ಕಂತಿನಲ್ಲಿ ಬೇರೆ ಬೇರೆ ಪ್ರಾಸ ಹಾಕಿಕೊಂಡು ನಾಲ್ಕೈದು ಸಲ ಬರುತ್ತದೆ.

ಇಷ್ಟೇ ಆಗಿದ್ದರೆ ಚಾನೆಲ್ ಬದಲಿಸಿ ಸುಮ್ಮನಾಗುತ್ತಿದ್ದೆ, ಪತ್ರ ಬರೆಯುತ್ತಿರಲಿಲ್ಲ. ಬರೆಯುವಂತೆ ಮಾಡಿದ್ದು ಒಂದು ದೃಶ್ಯ.

ಮೊಮ್ಮಗ ಬಂದು, ತಾತ ನೀವು ಮೊದಲು ಏನು ಕೆಲಸ ಮಾಡ್ತಿದ್ರಿ ಅಂತ ಕೇಳುತ್ತಾನೆ. ಇವರು ಮಂಚದ ಕೆಳಗಿಂದ ಟ್ರಂಕು ಎಳೆದು ಹಳೇ ಖಾಕಿ ಕೋಟು ತೆಗೆಯುತ್ತಾರೆ. ಹಾಕಿಕೊಂಡರೆ ಹೊಟ್ಟೆ ಹತ್ತಿರ ಗುಂಡಿ ಹತ್ತುವುದಿಲ್ಲ. ಉಸಿರು ಎಳೆದು ಹೊಟ್ಟೆ ಒಳಗೆ ಮಾಡಿ ಗುಂಡಿ ಹಾಕುತ್ತಾರೆ, ಆದರೆ ಆ ಉಸಿರನ್ನು ಬಿಡುವುದಿಲ್ಲ. ಬಿಟ್ಟರೆ ಗುಂಡಿ ಹೋಗುತ್ತದೆ ಅಂತ ಅವರಿಗೆ ಗೊತ್ತು, ನಮಗೂ ಗೊತ್ತು. ಉಸಿರು ಕಟ್ಟಿಕೊಂಡೇ, ಕೀರಲು ದನಿಯಲ್ಲಿ "ರೈಟ್, ರೈಟ್" ಅನ್ನುತ್ತಾರೆ. ನಾವು ಜೋರಾಗಿ ನಕ್ಕೆವು. ಅಷ್ಟರಲ್ಲಿ ಅವರ ಎಡಗೈ ತಾನಾಗಿಯೇ ಸೊಂಟದ ಹತ್ತಿರ, ದುಡ್ಡಿನ ಚೀಲ ನೇತಾಡುತ್ತಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಚೀಲ ಇಲ್ಲ. ಕೈ ಅಲ್ಲೇ ಒಂದು ಕ್ಷಣ ನಿಂತಿತು, ಬೆರಳುಗಳು ಚಿಲ್ಲರೆ ಎಣಿಸುವ ಹಾಗೆ ಸ್ವಲ್ಪ ಆಡಿದವು.

ಇದನ್ನು ಯಾವ ಬರಹಗಾರರೂ ಬರೆದಿರಲಾರರು ಅಂತ ನನ್ನ ನಂಬಿಕೆ. ಇದು ಅವರೇ ತಂದದ್ದು. ಮಾತಿಲ್ಲ, ಅಳು ಇಲ್ಲ, ನಗುವಿನ ಬೆನ್ನಿಗೇ ಗಂಟಲು ಕಟ್ಟುವ ಹಾಗೆ ಮಾಡಿದರು. ಅಷ್ಟರಲ್ಲಿ ನಿಮ್ಮ ಎಡಿಟಿಂಗ್‌ನವರು ಏನು ಮಾಡಿದರು ಗೊತ್ತಾ? ಗ್ರಾಫಿಕ್ಸ್‌ನಲ್ಲಿ ಗುಂಡಿ ಹಾರಿಸಿದರು. ಗುಂಡಿ ಹೋಗಿ ಮಗನ ಹಣೆಗೆ ಬಡಿಯಿತು. ಟೊಂಯ್. ನಗು. ಜಾಹೀರಾತು.

ಆ ಕೈಯನ್ನು ಎಡಿಟಿಂಗ್ ಟೇಬಲ್ ಮುಂದೆ ಕೂತ ಒಬ್ಬರಾದರೂ ನೋಡಲಿಲ್ಲವಾ? ನೋಡಿಯೂ, ಇದು ಕಾಮಿಡಿ ಸೀರಿಯಲ್, ಇಲ್ಲಿ ಇದು ಬೇಡ ಅಂದುಕೊಂಡರಾ? ಎರಡನೆಯದೇ ನಿಜ ಇರಬೇಕು ಅನ್ನಿಸುತ್ತದೆ. ನನ್ನ ತಕರಾರು ಇರುವುದೇ ಅಲ್ಲಿ. ಹಾಸ್ಯನಟ ಅಂದರೆ ನಗು ಮಾತ್ರ ಬರುವ ಮನುಷ್ಯ ಅಂತ ನೀವು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ.

ಕನ್ನಡದಲ್ಲಿ ಹೀಗೆ ತೀರ್ಮಾನ ಮಾಡಲು ಯಾವ ಆಧಾರವೂ ಇಲ್ಲ. ನಮ್ಮಲ್ಲಿ ಚೆನ್ನಾಗಿ ನಗಿಸಿದವರೆಲ್ಲ ಬೇರೆಯದನ್ನೂ ಅಷ್ಟೇ ಚೆನ್ನಾಗಿ ಮಾಡಿದವರು.

ಕಿವಿ ಮಂದ ಅನ್ನುವ ಜೋಕಿನ ಮಾತು ಬಂತಲ್ಲ, ಬಾಲಕೃಷ್ಣ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ನಮ್ಮ ಬಾಲಣ್ಣನಿಗೆ ನಿಜವಾಗಿಯೂ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ತಮ್ಮ ಮಾತು ಎಲ್ಲಿ ಶುರುವಾಗಬೇಕು ಅಂತ ಹಿಡಿಯುತ್ತಿದ್ದರು. ಹಾಗೆಯೇ ಐನೂರಕ್ಕೂ ಜಾಸ್ತಿ ಸಿನಿಮಾ ಮಾಡಿದರು. ಅವರ ಟೈಮಿಂಗ್ ನೋಡಿದವರು ಯಾರಾದರೂ ಅದನ್ನು ಊಹಿಸಬಹುದಿತ್ತಾ? ಜಿಪುಣ, ಮೋಸಗಾರ, ಊರು ಹಾಳು ಮಾಡುವ ಖಳ, ಎಲ್ಲವೂ ಆದರು. ಅದೇ ಮನುಷ್ಯ 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನಾಗಿ, ರಾಜ್‌ಕುಮಾರ್ ಮಾಡಿದ ರಾಜೀವನ ಬೆನ್ನಿಗೆ ನಿಂತಾಗ ನಮ್ಮೂರಲ್ಲೂ ಇಂಥ ಒಬ್ಬ ಹಿರಿಯ ಇರಬೇಕಿತ್ತು ಅನ್ನಿಸುತ್ತದೆ. ಇಂಥ ನಟ ಇದ್ದ ನಾಡಿನಲ್ಲಿ ಕಿವಿ ಕೇಳದಿರುವುದನ್ನೇ ಒಬ್ಬ ಹಿರಿಯ ನಟರ ಇಡೀ ಪಾತ್ರ ಮಾಡಿ ಕೊಟ್ಟಿದ್ದೀರಲ್ಲ, ಅದು ನನಗೆ ನೋವು ಕೊಟ್ಟಿತು.

ನರಸಿಂಹರಾಜು ಅವರೂ ಹಾಗೆಯೇ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರ ಜೊತೆ ಬಂದವರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವರ ನಕ್ಷತ್ರಿಕನನ್ನು ನೋಡಿ. ಸಾಲಕ್ಕಾಗಿ ಬೆನ್ನು ಬಿದ್ದು ಕಾಡುವವನು. ನಗು ಬರುತ್ತಿರುತ್ತದೆ, ಜೊತೆಗೆ ಅವನ ಮೇಲೆ ಸಿಟ್ಟೂ ಏರುತ್ತಿರುತ್ತದೆ.

ಇವರೆಲ್ಲ ಹಳೇ ಕಾಲದವರು, ಈಗ ಎಲ್ಲಿದ್ದಾರೆ ಅಂತ ನೀವು ಕೇಳಬಹುದು. ಹಾಗಾದರೆ ಉಮಾಶ್ರೀ ಅವರ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಈ ಪತ್ರಕ್ಕೆ ಬೇಕಾದ ಸಾಕ್ಷಿಯೆಲ್ಲ ಈ ಒಬ್ಬರಲ್ಲೇ ಸಿಗುತ್ತದೆ.

1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಬಂದಮೇಲೆ ಉಮಾಶ್ರೀ ಅಂದರೆ ಜನರಿಗೆ ನಗು. ಆಮೇಲೆ ಹಾಸ್ಯನಟ ಎನ್.ಎಸ್. ರಾವ್ ಅವರ ಜೊತೆ ಎಷ್ಟೊಂದು ಸಿನಿಮಾ. ತೆರೆಯ ಮೇಲೆ ಬಂದರೆ ಸಾಕು, ಥಿಯೇಟರ್‌ನಲ್ಲಿ ಮೊದಲೇ ನಗು ಶುರು. ಆದರೆ ನಾಟಕ ನೋಡುವವರಿಗೆ ಅವರು ಬೇರೆಯೇ ಆಗಿ ಗೊತ್ತಿದ್ದರು. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ನಾಟಕ ನಿರ್ದೇಶಕ ಸಿ.ಜಿ.ಕೆ. (ಸಿ.ಜಿ. ಕೃಷ್ಣಸ್ವಾಮಿ) ರಂಗಕ್ಕೆ ತಂದಾಗ ಸಾಕವ್ವನಾದವರು ಇವರೇ. ಕಳೆದುಹೋದ ಹುಂಜಕ್ಕಾಗಿ ಊರಿಡೀ ಬೈದುಕೊಂಡು ತಿರುಗುವ ಮುದುಕಿ. ಆ ಬೈಗುಳ ಕೇಳಿ ನಗು ಬರುತ್ತದೆ, ಒಂದು ಹುಂಜ ಹೋದರೆ ಆ ಮನೆಗೆ ಏನು ಹೋದ ಹಾಗೆ ಅಂತಲೂ ತಿಳಿಯುತ್ತದೆ. ಸಾಕವ್ವನಾದಾಗ ಅವರಿಗೆ ಇನ್ನೂ ಚಿಕ್ಕ ವಯಸ್ಸು. 1995ರ ‘ಪುಟ್ನಂಜ’ದಲ್ಲಿ ಅಜ್ಜಿಯಾದಾಗಲೂ ಅಂಥ ವಯಸ್ಸೇನೂ ಆಗಿರಲಿಲ್ಲ.

ಆಮೇಲೆ 2008ರಲ್ಲಿ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’. ನೀವು ಟಿವಿಯವರಾಗಿ ಈ ಸಿನಿಮಾವನ್ನು ಒಮ್ಮೆ ಕೂತು ನೋಡಲೇಬೇಕು. ಕುಂದಾಪುರದ ಕಡೆಯ ಮೀನುಗಾರರ ಊರಿನಲ್ಲಿ ಗುಲಾಬಿ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು. ಹೆರಿಗೆ ಮಾಡಿಸಿದ್ದಕ್ಕೆ ಒಂದು ಮನೆಯವರು ಅವಳಿಗೆ ಟಿವಿ, ಡಿಶ್ ಆಂಟೆನಾ ಕೊಡಿಸುತ್ತಾರೆ. ಗಂಡ ಬಿಟ್ಟುಹೋದ ಆ ಒಂಟಿ ಮನೆಗೆ ಟಿವಿ ನೋಡಲು ಊರಿನ ಹೆಂಗಸರೆಲ್ಲ ಬರತೊಡಗುತ್ತಾರೆ. ಟಿವಿ ಮುಂದೆ ಕೂತಾಗ ಉಮಾಶ್ರೀ ಮುಖ ನೋಡಬೇಕು. ಚಿಕ್ಕ ಹುಡುಗಿಯ ಖುಷಿ ಅಲ್ಲಿರುತ್ತದೆ, ಮನೆ ತುಂಬ ಜನ ಬಂದರಲ್ಲ ಅನ್ನುವ ಹೆಮ್ಮೆ ಇರುತ್ತದೆ. ಕಾಮಿಡಿಯಲ್ಲಿ ಬಳಸುತ್ತಿದ್ದ ಅದೇ ಕಣ್ಣು, ಅದೇ ಬಾಯಿ. ಹೊಸದಾಗಿ ಏನನ್ನೂ ತಂದಿಲ್ಲ, ಅಳತೆ ಮಾತ್ರ ಬೇರೆ ಮಾಡಿದ್ದಾರೆ. ಕೊನೆಗೆ ಊರೇ ಅವಳ ಮೇಲೆ ತಿರುಗಿಬಿದ್ದಾಗ ಆ ಮುಖವನ್ನು ನೋಡಲಾಗುವುದಿಲ್ಲ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು, ಅತ್ಯುತ್ತಮ ನಟಿ ಅಂತ.

ಎರಡು ವರ್ಷ ಬಿಟ್ಟು, 2010ರಲ್ಲಿ, ಅದೇ ನಿರ್ದೇಶಕರ ‘ಕನಸೆಂಬೋ ಕುದುರೆಯನೇರಿ’ ಬಂತು. ಅಮರೇಶ ನುಗಡೋಣಿಯವರ ಕತೆ. ಅದರಲ್ಲಿ ಗಂಡ ಹೆಂಡತಿಯಾಗಿ ಯಾರು ಯಾರು ಅಂದುಕೊಂಡಿರಿ? ಬಿರಾದಾರ್ ಮತ್ತು ಉಮಾಶ್ರೀ. ಇಬ್ಬರೂ ಜನರ ಪಾಲಿಗೆ ಕಾಮಿಡಿಯವರು! ವೈಜನಾಥ ಬಿರಾದಾರ್ ಅಂದರೆ ಸಿನಿಮಾದಲ್ಲಿ ಕುಡುಕ, ಇಲ್ಲ ಭಿಕ್ಷುಕ. ಇಲ್ಲಿ ಅವರು ಈರ್ಯ, ಗುಂಡಿ ತೋಡುವವನು. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಯಾರೋ ಸತ್ತಿದ್ದಾರೆ ಅಂತ ಅವನ ನಂಬಿಕೆ. ಒಂದು ದಿನ ಕನಸು ಬೀಳುತ್ತದೆ, ಹೋಗಿ ವಿಚಾರಿಸುತ್ತಾನೆ, ಯಾರೂ ಸತ್ತಿಲ್ಲ ಅನ್ನುತ್ತಾರೆ. ಗೌಡರು ಸತ್ತಿರುವುದನ್ನು ಮನೆಯವರು ಜಮೀನಿನ ವ್ಯವಹಾರಕ್ಕಾಗಿ ಮುಚ್ಚಿಟ್ಟಿದ್ದಾರೆ, ಆದರೆ ಈರ್ಯನಿಗೆ ಅದು ಗೊತ್ತಿಲ್ಲ. ನನ್ನ ಕನಸು ಸುಳ್ಳಾಯಿತಾ ಅಂತ ಒಳಗೊಳಗೇ ಕುಸಿಯುತ್ತಾನೆ. ಆ ಕುಸಿತಕ್ಕೆ ಬಿರಾದಾರ್ ದೊಡ್ಡ ಮಾತೇನೂ ಬಳಸುವುದಿಲ್ಲ. ನಮ್ಮನ್ನು ಅಷ್ಟು ವರ್ಷ ನಗಿಸಿದ ಆ ಸಣ್ಣ ಮೈಯೇ ಸಾಕಾಗುತ್ತದೆ. ಮ್ಯಾಡ್ರಿಡ್‌ನಲ್ಲಿ ನಡೆಯುವ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಬೀದರ್ ಕಡೆಯ ಹಾಸ್ಯನಟನಿಗೆ ಸ್ಪೇನ್‌ನಲ್ಲಿ ಪ್ರಶಸ್ತಿ. ಇಲ್ಲಿ ನಾವು ಅವರಿಗೆ ಮತ್ತೆ ಕುಡುಕನ ಪಾತ್ರವನ್ನೇ ಕೊಟ್ಟೆವು.

ಅದೆಲ್ಲ ಆರ್ಟ್ ಸಿನಿಮಾ, ಟಿವಿಗೆ ಆಗಲ್ಲ ಅನ್ನುತ್ತೀರಾ? ಹಾಗಾದರೆ ‘ಪುಟ್ಟಕ್ಕನ ಮಕ್ಕಳು’ ಏನು? 2021ರ ಕೊನೆಯಲ್ಲಿ ಶುರುವಾಯಿತು. ಮೆಸ್ ನಡೆಸಿಕೊಂಡು ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. ಆ ತಾಯಿ ಉಮಾಶ್ರೀ. ಟಿಆರ್‌ಪಿ ಪಟ್ಟಿಯಲ್ಲಿ ಬಹಳ ಕಾಲ ಮೇಲೆಯೇ ಇತ್ತು, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಾಸ್ಯನಟಿಯನ್ನು ನಂಬಿ ಗಟ್ಟಿ ಪಾತ್ರ ಕೊಟ್ಟರೆ ಜನ ಬರುತ್ತಾರೆ ಅನ್ನುವುದು ನಿಮ್ಮ ಲೆಕ್ಕದಲ್ಲೇ ಇದೆ. ಗಂಭೀರ ಸೀರಿಯಲ್‌ನಲ್ಲಿ ಇಟ್ಟ ಆ ನಂಬಿಕೆ ಕಾಮಿಡಿ ಸೀರಿಯಲ್‌ನಲ್ಲಿ ಯಾಕಿಲ್ಲ?

ಕಾಮಿಡಿಯಲ್ಲಿ ಪಾತ್ರ ಬೇಡ, ಜೋಕಿದ್ದರೆ ಸಾಕು ಅನ್ನುವ ಲೆಕ್ಕಾಚಾರವೇ ತಪ್ಪು. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ 1990ರದು. ಇವತ್ತು ಟಿವಿಯಲ್ಲಿ ಹಾಕಿದರೂ ಜನ ಎದ್ದು ಹೋಗುವುದಿಲ್ಲ. ಒಂದೇ ವಠಾರದಲ್ಲಿ ಹುಡುಗನಿಗೂ ಹುಡುಗಿಗೂ ದಿನಾ ಜಗಳ. ಹುಡುಗ ರೇಡಿಯೋದಲ್ಲಿ ಹಾಡುವ ಶ್ರುತಿಗೆ ಪತ್ರ ಬರೆದು ಪ್ರೀತಿಸುತ್ತಿದ್ದಾನೆ, ಆ ಶ್ರುತಿ ಇವಳೇ ಅಂತ ಅವನಿಗೆ ಗೊತ್ತಿಲ್ಲ. ಇಷ್ಟನ್ನು ಸರಿಯಾಗಿ ಕಟ್ಟಿಟ್ಟರು ನೋಡಿ, ಆಮೇಲೆ ಅನಂತ್ ನಾಗ್, ಮುಖ್ಯಮಂತ್ರಿ ಚಂದ್ರು ಸುಮ್ಮನೆ ಬಾಗಿಲಲ್ಲಿ ನಿಂತರೂ ನಗು ಬರುತ್ತದೆ. ಅದೇ ಅನಂತ್ ನಾಗ್ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾದಲ್ಲಿ ನೆನಪು ಕಳೆದುಕೊಂಡ ಅಪ್ಪನಾದರು. ಆ ಪಾತ್ರದಲ್ಲೂ ಅಲ್ಲಲ್ಲಿ ನಗಿಸುತ್ತಾರೆ, ಅದಕ್ಕೇ ಅದು ಅಷ್ಟು ತಟ್ಟುತ್ತದೆ ಅನ್ನಿಸುತ್ತದೆ ನನಗೆ.

ಟಿವಿಯಲ್ಲೂ ಆಗಿದೆ. ಆಗ ಈಟಿವಿ ಕನ್ನಡದಲ್ಲಿ ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’ ಬರುತ್ತಿದ್ದವು. ಅವುಗಳಲ್ಲಿ ಸದ್ದು ಇರಲಿಲ್ಲ ಅಂತ ನಾನು ಹೇಳುವುದಿಲ್ಲ, ಬೇಕಾದಷ್ಟು ಇತ್ತು. ಪಾಂಡುವಿಗೆ ಹೆಂಡತಿ ಶ್ರೀಮತಿ ಹೊಡೆಯುವಾಗಿನ ಸದ್ದು ಈಗಲೂ ಕಿವಿಯಲ್ಲಿದೆ, ಹೊಡೆತ ಸ್ವಲ್ಪ ಜಾಸ್ತಿಯೇ ಆಗುತ್ತಿತ್ತು. ಆದರೂ ಇಷ್ಟು ವರ್ಷ ಆದಮೇಲೆ ಜನರಿಗೆ ನೆನಪಿರುವುದು ಪಾಂಡು, ಶ್ರೀಮತಿ, ಸಮಾಜ ಸೇವಕಿ ಲಲಿತಾಂಬ, ಡಾಕ್ಟರ್ ವಿಠ್ಠಲ್ ರಾವ್. ಲಲಿತಾಂಬಗೆ ದೊಡ್ಡ ಸಮಾಜ ಸೇವಕಿ ಅನ್ನಿಸಿಕೊಳ್ಳಬೇಕು. ಪಾಂಡುವಿಗೆ ಹೆಂಡತಿಯಿಂದ ತಪ್ಪಿಸಿಕೊಳ್ಳಬೇಕು. ಒಬ್ಬೊಬ್ಬರಿಗೂ ಒಂದೊಂದು ಆಸೆ ಇತ್ತು, ಅದು ಈಡೇರದೆ ಇದ್ದಾಗ ನಗು ಹುಟ್ಟುತ್ತಿತ್ತು. ನಿಮ್ಮ ಹೊಸ ಸೀರಿಯಲ್‌ನ ಕಂಡಕ್ಟರ್ ತಾತನಿಗೆ ಏನು ಬೇಕು? ಇಷ್ಟು ಕಂತು ನೋಡಿದ ಮೇಲೂ ನನಗೆ ತಿಳಿದಿಲ್ಲ.

ಅಯ್ಯೋ, ಕಂಡಕ್ಟರ್ ಅಂದರೆ ಎಷ್ಟು ಒಳ್ಳೆಯ ಪಾತ್ರ! ಇಡೀ ಜೀವನ ಬೇರೆಯವರಿಗೆ "ಮುಂದೆ ಹೋಗಿ, ಮುಂದೆ ಹೋಗಿ" ಅಂತ ಹೇಳಿದ ಮನುಷ್ಯ. ಈಗ ಅವನ ಮನೆಯಲ್ಲೇ ಸೊಸೆ ಕಸ ಗುಡಿಸುವಾಗ "ಸ್ವಲ್ಪ ಆ ಕಡೆ ಹೋಗಿ ಮಾವ" ಅನ್ನುತ್ತಾಳೆ. ಅವನಿಗೆ ಊರೂರಿನ ಸ್ಟಾಪುಗಳ ಹೆಸರು ಬಾಯಿಪಾಠ, ಮನೆಯವರ ಫೋನ್ ನಂಬರ್ ಒಂದೂ ನೆನಪಿಲ್ಲ. ಚಿಲ್ಲರೆ ಇಲ್ಲ ಅಂತ ಟಿಕೆಟ್ ಹಿಂದೆ ಬರೆದುಕೊಟ್ಟು, ಇಳಿಯುವಾಗ ಈಸ್ಕೊಳ್ಳಿ ಅಂದ ಎರಡು ರೂಪಾಯಿ ಕೇಳಲು ಯಾರೋ ಒಬ್ಬ ಪ್ರಯಾಣಿಕ ಈಗ ಮನೆ ಹುಡುಕಿಕೊಂಡು ಬರಬಹುದು. ಆ ಒಂದು ವಿಷಯದ ಮೇಲೆ ಒಂದು ವಾರ ಕತೆ ಮಾಡಬಹುದು, ಅಲ್ವಾ? ಕೈಲಿದ್ದ ಇಷ್ಟೆಲ್ಲವನ್ನೂ ಬಿಟ್ಟು ಮಾತ್ರೆ ಜಾತ್ರೆಗೆ ಹೋಗಿದ್ದೀರಿ.

ನಿಮ್ಮ ಕಷ್ಟ ಗೊತ್ತಿಲ್ಲ ಅಂತ ಅಲ್ಲ. ವಾರಕ್ಕೆ ಐದಾರು ಕಂತು ಹೋಗಬೇಕು. ಗುರುವಾರ ಟಿಆರ್‌ಪಿ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ ನಂಬರ್ ಬಂದರೆ ಶುಕ್ರವಾರದ ಹೊತ್ತಿಗೆ ಕತೆ ತಿರುಗಬೇಕು. ಸೀನ್ ಪೇಪರ್ ಶೂಟಿಂಗ್ ದಿನವೇ ಸೆಟ್‌ಗೆ ಬರುವುದುಂಟು. ಕಲಾವಿದರಿಗೆ ಮಾತು ಕಲಿಯಲು ಹೊತ್ತಿಲ್ಲದೆ, ಕ್ಯಾಮೆರಾ ಹಿಂದಿನಿಂದ ಒಬ್ಬರು ಪ್ರಾಂಪ್ಟ್ ಮಾಡುತ್ತಾರೆ, ಅಂದರೆ ಮಾತು ಹೇಳಿಕೊಡುತ್ತಾರೆ. ಅಳುವ ಸೀನಿಗೆ ಇದು ಹೇಗೋ ನಡೆದುಹೋಗುತ್ತದೆ. ಕಾಮಿಡಿಗೆ ನಡೆಯುವುದಿಲ್ಲ. ಮಾತನ್ನು ಮೊದಲು ಪ್ರಾಂಪ್ಟರ್ ಬಾಯಿಂದ ಕೇಳಿ, ಆಮೇಲೆ ತಾನು ಹೇಳಿ, ಎದುರಿನವರಿಗೂ ಹಾಗೇ ಪ್ರಾಂಪ್ಟ್ ಆಗಿ ಅವರು ಉತ್ತರ ಕೊಡುವಷ್ಟರಲ್ಲಿ ನಗು ಬರಬೇಕಾದ ಜಾಗ ದಾಟಿಹೋಗಿರುತ್ತದೆ. ಆ ಖಾಲಿ ಜಾಗ ತುಂಬಿಸಲು ಟೊಂಯ್ ಬೇಕಾಗುತ್ತದೆ. ಸದ್ದು ನಿಮ್ಮ ರುಚಿಯಿಂದ ಬಂದದ್ದಲ್ಲ, ಸಮಯ ಇಲ್ಲದೆ ಬಂದದ್ದು ಅಂತ ನಾನು ಅಂದುಕೊಂಡಿದ್ದೇನೆ. ಆ ಖಾಕಿ ಕೋಟಿನ ದೃಶ್ಯದಲ್ಲಿ ಅವರು ಅಷ್ಟು ಚೆನ್ನಾಗಿ ಮಾಡಿದ್ದು ಅಲ್ಲಿ ಪ್ರಾಂಪ್ಟ್ ಮಾಡಲು ಮಾತೇ ಇರಲಿಲ್ಲವಲ್ಲ, ಅದಕ್ಕೂ ಇರಬಹುದು.

ಹಾಗಾಗಿ ಕೇಳಿಕೊಳ್ಳುವುದು ದೊಡ್ಡದೇನಲ್ಲ. ಕಾಮಿಡಿ ಸೀರಿಯಲ್ ದಿನಾ ಬರಲೇಬೇಕು ಅಂತ ಯಾರು ಹೇಳಿದರು? ವಾರಕ್ಕೆ ಎರಡು ಕಂತು ಸಾಕು, ಶನಿವಾರ ಭಾನುವಾರ ಹಾಕಿ. ಮಿಕ್ಕ ದಿನಗಳಲ್ಲಿ ಬರೆಯಲಿ, ಕಲಾವಿದರು ಕೂತು ಓದಲಿ, ಒಂದು ಸಲ ರಿಹರ್ಸಲ್ ಮಾಡಲಿ. ಕಂಪನಿ ನಾಟಕದಿಂದ ಬಂದವರಿಗೆ ರಿಹರ್ಸಲ್ ಕೊಟ್ಟರೆ ಏನೇನು ಹೊರಗೆ ಬರುತ್ತದೆ ಅಂತ ನೀವು ನೋಡಬೇಕು, ನಾವೂ ನೋಡಬೇಕು. ರೆಕಾರ್ಡ್ ಮಾಡಿದ ನಗುವನ್ನು ಒಂದು ತಿಂಗಳ ಮಟ್ಟಿಗಾದರೂ ತೆಗೆದು ನೋಡಿ. ಸಂಭಾಷಣೆ ಬರೆಯುವವರು ಆ ಹಿರಿಯರ ಜೊತೆ ಒಂದು ಸಂಜೆ ಕೂತು, ನಿಮಗೆ ಏನು ಮಾಡಬೇಕು ಅಂತ ಆಸೆ ಇದೆ ಸಾರ್ ಅಂತ ಕೇಳಲಿ. ಇಷ್ಟು ವರ್ಷದಲ್ಲಿ ಅವರನ್ನು ಹಾಗೆ ಕೇಳಿದವರು ಎಷ್ಟು ಜನ ಇದ್ದಾರೋ.

ಇನ್ನೊಂದು ಮಾತು ಈ ಪತ್ರ ಓದುತ್ತಿರುವ ಉಳಿದವರಿಗೆ. ಸೀರಿಯಲ್ ಸರಿಯಿಲ್ಲ ಅಂತ ಆ ನಟರ ವಯಸ್ಸಿನ ಮೇಲೆ, ಮುಖದ ಮೇಲೆ ಕೆಟ್ಟದಾಗಿ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಅವರು ಈ ವಯಸ್ಸಿನಲ್ಲಿ ಬೆಳಗಿನಿಂದ ರಾತ್ರಿವರೆಗೆ ಬಣ್ಣ ಹಚ್ಚಿಕೊಂಡು ನಿಂತು ಕೆಲಸ ಮಾಡುತ್ತಿದ್ದಾರೆ. ಹೇಳುವುದಿದ್ದರೆ ಚಾನೆಲ್‌ನವರಿಗೆ ಹೇಳಿ, ಅವರ ಪೇಜಿಗೇ ಹೋಗಿ, ಯಾವ ಕಂತು, ಯಾವ ಸೀನು, ಏನು ಹಿಡಿಸಲಿಲ್ಲ ಅಂತ ಬಿಡಿಸಿ ಬರೆಯಿರಿ. ಹಿಡಿಸಿದ್ದನ್ನೂ ಬರೆಯಿರಿ.

ಚಾನೆಲ್‌ನವರಿಗೆ ಉತ್ತರ ಕೊಡಬೇಕು ಅನ್ನಿಸಿದರೆ ಖಂಡಿತ ಕೊಡಿ. ನಾನು ಹೇಳಿದ್ದರಲ್ಲಿ ಯಾವುದು ಸೆಟ್‌ನಲ್ಲಿ ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅಂತ ತಿಳಿಸಿದರೂ ಸಂತೋಷವೇ.

ಇಂತಿ,
ನಿಮ್ಮ ಕಾಮಿಡಿ ಸೀರಿಯಲ್‌ಗಳನ್ನು ಬಿಡದೆ ನೋಡುವ ಒಬ್ಬ ವೀಕ್ಷಕ